ಮೊಡವೆ ಗುಳಿಗೆ ಮತ್ತು ಮದುವೆ ಮಾತು

ನಮ್ಮ ಹಚ್ಚೊಳ್ಳಿಯಲ್ಲಿ ಮೊಡವೆಗೆ ಔಷಧಿ ಹೇಳದವರು ಯಾರೂ ಇಲ್ಲ. ಅರಿಷಿಣ ಹಚ್ಚು ಅನ್ನೋರು, ಟೂತ್‌ಪೇಸ್ಟ್ ಹಚ್ಚು ಅನ್ನೋರು, ಖಾರ ಬಿಡು ಅನ್ನೋರು, ಮಾವಿನಹಣ್ಣು ಉಷ್ಣ ಅನ್ನೋರು. ಕೊನೆಗೆ ಎಲ್ಲರೂ ಸೇರಿ ಹೇಳೋ ಮಾತು ಒಂದೇ: "ಮದುವಿ ಆದ್ರ ತಾನಾ ಹೋಗ್ತಾವ ಬಿಡು." ಐದು ವರ್ಷ ಇದನ್ನೆಲ್ಲ ಕೇಳಿದ್ದೇನೆ. ಚರ್ಮದ ಡಾಕ್ಟರಿಗೆ ತೋರಿಸು ಅಂತ ಮಾತ್ರ ಯಾರೂ ಹೇಳಲಿಲ್ಲ.

ನನ್ನವು ಹರೆಯದಲ್ಲಿ ಬಂದು ಹೋಗೋ ಸಣ್ಣ ಮೊಡವೆಗಳಾಗಿರಲಿಲ್ಲ. ಕೆನ್ನೆ, ಗದ್ದ, ಬೆನ್ನಿನ ತುಂಬ ಬಟಾಣಿ ಕಾಳಿನಷ್ಟು ಗಡ್ಡೆಗಳು. ರಾತ್ರಿ ದಿಂಬಿಗೆ ಕೆನ್ನೆ ಇಟ್ಟರೆ ನೋವು. ಒಡೆದರೆ ಕೀವು, ರಕ್ತ. ಆರಿದ ಮೇಲೆ ಅಲ್ಲೊಂದು ಗುಂಡಿ. ಪತ್ರಿಕೋದ್ಯಮ ಓದುವಾಗ ಕ್ಯಾಮೆರಾ ಮುಂದೆ ನಿಂತು ವರದಿ ಹೇಳೋ ಪಾಠ ಇರುತ್ತದೆ. ಆ ದಿನ ಬಂದರೆ ನಾನು ಮೈಕು ಗೆಳತಿಯ ಕೈಗೆ ಕೊಟ್ಟು ಕ್ಯಾಮೆರಾ ಹಿಂದೆ ನಿಲ್ಲುತ್ತಿದ್ದೆ. ಬರೆಯೋದಕ್ಕೆ ಮುಖ ಬೇಕಿಲ್ಲವಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಇದನ್ನು ಈಗ ಬರೆಯೋಕೆ ಕಾರಣ ಇದೆ. ಜೋರಾದ ಮೊಡವೆಗೆ ನಿಜವಾಗಿಯೂ ಕೆಲಸ ಮಾಡೋ ಒಂದು ಗುಳಿಗೆ ಇದೆ. ಅದೇ ಗುಳಿಗೆ ಹೊಟ್ಟೆಯಲ್ಲಿರೋ ಕೂಸಿಗೆ ದೊಡ್ಡ ಅಪಾಯ ಮಾಡಬಲ್ಲದು. ನಮ್ಮ ಕಡೆ ಔಷಧಿಯನ್ನು ಮನೆಮಂದಿ ಹಂಚಿಕೊಂಡು ತಿನ್ನುತ್ತಾರೆ, ಮದುವೆ ಮಾತು ಒಂದು ವಾರದಲ್ಲಿ ಮುಗಿದುಹೋಗುತ್ತದೆ. ಹಾಗಾಗಿ ಈ ವಿಷಯ ಮನೆಯಲ್ಲಿ ಎಲ್ಲರಿಗೂ ತಿಳಿದಿರಬೇಕು.

ಮೊದಲು ಬಂದದ್ದು ಟ್ಯೂಬು

ಗುಳಿಗೆಗೆ ಮುಂಚೆ ಟ್ಯೂಬಿನ ಕಥೆ ಹೇಳಬೇಕು. ನೂರಕ್ಕೆ ಎಷ್ಟೋ ಮಂದಿ ಶುರು ಮಾಡೋದು ಅಲ್ಲಿಂದಲೇ.

ನಾನು ಡಿಗ್ರಿಯಲ್ಲಿದ್ದಾಗ ಅಮ್ಮ ಒಂದು ಮೆಡಿಕಲ್ ಶಾಪಿನಲ್ಲಿ ಮಗಳ ಮುಖಕ್ಕೆ ಏನಾದರೂ ಕೊಡಿ ಅಂತ ಕೇಳಿದರು. ಅಂಗಡಿಯವರು ಚೀಟಿ ಕೇಳಲಿಲ್ಲ, ಒಂದು ಸಣ್ಣ ಟ್ಯೂಬು ಕೊಟ್ಟರು. ವಾರದಲ್ಲಿ ಕೆಂಪು ಇಳಿಯಿತು, ಮುಖ ಬೆಳ್ಳಗೆ ಕಂಡಿತು. ಓಣಿಯ ಹೆಂಗಸರು ಟ್ಯೂಬಿನ ಹೆಸರು ಬರೆದುಕೊಂಡು ಹೋದರು. ಎರಡು ತಿಂಗಳಿಗೆ ಮೊಡವೆ ಮೊದಲಿಗಿಂತ ಜಾಸ್ತಿಯಾಗಿ ಬಂದವು. ಚರ್ಮ ತೆಳ್ಳಗಾಗಿ ಸಣ್ಣ ನರಗಳು ಕೆಂಪಗೆ ಕಾಣತೊಡಗಿದವು. ಹಚ್ಚೋದು ಬಿಟ್ಟರೆ ಉರಿ, ಹಚ್ಚಿದರೆ ಮೊಡವೆ.

ಬಳ್ಳಾರಿಯ ಚರ್ಮದ ಡಾಕ್ಟರಿಗೆ ಆ ಖಾಲಿ ಟ್ಯೂಬು ತೋರಿಸಿದಾಗ ಅವರು ಒಂದು ಹೆಸರಿನ ಮೇಲೆ ಬೆರಳಿಟ್ಟರು. ಅದು ಸ್ಟೀರಾಯ್ಡ್. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಅಂತೆಲ್ಲ ಹೆಸರಿರೋ ಮುಲಾಮುಗಳು ಇವೇ. ಕೆಲವು ಚರ್ಮರೋಗಗಳಿಗೆ ಒಳ್ಳೆಯ ಔಷಧಿ, ಡಾಕ್ಟರು ಹೇಳಿದಷ್ಟು ದಿನ ಹಚ್ಚಬೇಕು. ಮೊಡವೆಗೆ, ಬೆಳ್ಳಗಾಗೋಕೆ ಹಚ್ಚಿದರೆ ಮೊಡವೆಯನ್ನೇ ಹೆಚ್ಚು ಮಾಡುತ್ತವೆ.

ಇದು ನಮ್ಮ ಮನೆಯೊಂದರ ಕಥೆಯಲ್ಲ. ದೇಶದ 12 ಚರ್ಮರೋಗ ಕೇಂದ್ರಗಳಲ್ಲಿ ಮಾಡಿದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಗಿದೆ. ಮುಖದ ತೊಂದರೆ ಅಂತ ಬಂದ 2,926 ಜನರನ್ನು ನೋಡಿದಾಗ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ 104 ಮಂದಿ ಹಚ್ಚಿದ್ದು ಮೊಡವೆಗೆ. 257 ಮಂದಿಗೆ ಆ ಮುಲಾಮು ಹೇಳಿದವರು ಡಾಕ್ಟರೇ ಅಲ್ಲ. ಜೋರಾದ ಸ್ಟೀರಾಯ್ಡ್‌ಗಳ ಬಳಕೆ ಹಳ್ಳಿ ಮತ್ತು ಊರಂಚಿನ ಜನರಲ್ಲೇ ಹೆಚ್ಚು. ಕೇಂದ್ರ ಸರ್ಕಾರ 2018ರಲ್ಲಿ ಇಂಥ 14 ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರದಂತೆ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಆದೇಶ ದೆಹಲಿಯಲ್ಲಿ ಬಂತು, ಕೌಂಟರ್ ಇರೋದು ನಮ್ಮೂರಲ್ಲಿ.

ಬಳ್ಳಾರಿಯಲ್ಲಿ ಕೇಳಿದ ಪ್ರಶ್ನೆ

ಎಂ.ಎ. ಓದುವಾಗ ಒಂದು ದಿನ ಅಪ್ಪನ ಜೊತೆ ಹೊರಟೆ. ಸಿರುಗುಪ್ಪಕ್ಕೆ ಒಂದು ಬಸ್ಸು, ಅಲ್ಲಿಂದ ತೆಕ್ಕಲಕೋಟೆ ಮೇಲೆ ಬಳ್ಳಾರಿಗೆ ಇನ್ನೊಂದು. ಮೊದಲ ಕೆಲವು ತಿಂಗಳು ಡಾಕ್ಟರು ಬೇರೆ ಗುಳಿಗೆ, ಬೇರೆ ಮುಲಾಮು ಕೊಟ್ಟು ನೋಡಿದರು. ಸ್ಟೀರಾಯ್ಡ್ ಉರಿ ಇಳಿಯಿತು, ಗಡ್ಡೆಗಳು ಇಳಿಯಲಿಲ್ಲ. ಆಗ ಅವರು ಹೇಳಿದ ಹೆಸರು ಐಸೋಟ್ರೆಟಿನಾಯಿನ್.

ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ: "ಮದುವೆ ಆಗಿದೆಯೇನಮ್ಮ? ಗೊತ್ತಾಗಿದೆಯಾ?" ಆಮೇಲೆ ರಕ್ತ ಪರೀಕ್ಷೆಗೆ ಬರೆದರು. ಲಿವರ್, ಕೊಬ್ಬಿನಂಶ, ಜೊತೆಗೆ ಗರ್ಭ ಪರೀಕ್ಷೆ.

ಅಪ್ಪನ ಮುಖ ಕೆಂಪಗಾಯಿತು. "ಮದುವಿ ಆಗದ ಹುಡುಗಿಗೆ ಏನ್ ಪರೀಕ್ಷೆ ಬರಿತೀರಿ ಮೇಡಂ?" ಅಂದುಬಿಟ್ಟರು.

ಡಾಕ್ಟರು ಬೇಜಾರು ಮಾಡಿಕೊಳ್ಳಲಿಲ್ಲ. "ಯಜಮಾನ್ರೇ, ಇದನ್ನ ನಿಮ್ಮ ಮಗಳಿಗೆ ಅಂತ ಬರೆದಿಲ್ಲ. ಈ ಗುಳಿಗೆ ಕೊಡೋ ಪ್ರತಿಯೊಬ್ಬ ಹೆಣ್ಣುಮಗಳಿಗೂ ಬರೀತೀನಿ. ಬಿ.ಪಿ. ನೋಡೋದಿಲ್ವಾ, ಹಾಗೆ. ಅನುಮಾನ ಪಟ್ಟು ಕೇಳಿದ್ದಲ್ಲ, ಗುಳಿಗೆ ಅಂಥಾದ್ದು" ಅಂದರು. ಆಮೇಲೆ ಕಾಲು ಗಂಟೆ ಕೂರಿಸಿಕೊಂಡು ತಿಳಿಸಿ ಹೇಳಿದರು. ಅಪ್ಪ ಪೂರ್ತಿ ಕೇಳಿದರು. ಈ ಬರಹದ ಅರ್ಧ ವಿಷಯ ನನಗೆ ಸಿಕ್ಕಿದ್ದು ಆ ಕಾಲು ಗಂಟೆಯಲ್ಲಿ, ಉಳಿದದ್ದು ಆಮೇಲೆ ನಾನು ಓದಿಕೊಂಡಿದ್ದು.

ಗುಳಿಗೆ ಏನು ಮಾಡುತ್ತದೆ

ನಮ್ಮ ಚರ್ಮದಲ್ಲಿ ಎಣ್ಣೆ ಬಿಡೋ ಸಣ್ಣ ಗ್ರಂಥಿಗಳಿವೆ. ಹರೆಯದಲ್ಲಿ ಅವು ಜಾಸ್ತಿ ಕೆಲಸ ಮಾಡುತ್ತವೆ. ರಂಧ್ರ ಕಟ್ಟಿಕೊಂಡು, ಒಳಗೆ ಬ್ಯಾಕ್ಟೀರಿಯಾ ಬೆಳೆದು, ಊದಿಕೊಂಡರೆ ಮೊಡವೆ. ಐಸೋಟ್ರೆಟಿನಾಯಿನ್ ಎ ವಿಟಮಿನ್ ಕುಲದ ಔಷಧಿ. ಅದು ಆ ಗ್ರಂಥಿಗಳನ್ನೇ ಕುಗ್ಗಿಸುತ್ತದೆ. ಅದಕ್ಕೇ ಬೇರೆ ಯಾವುದಕ್ಕೂ ಬಗ್ಗದ ಗಡ್ಡೆ ಮೊಡವೆ ಇದಕ್ಕೆ ಬಗ್ಗುತ್ತದೆ, ಎಷ್ಟೋ ಜನರಿಗೆ ಮತ್ತೆ ಬರೋದೇ ಇಲ್ಲ. ಅಮೆರಿಕದಲ್ಲಿ 1982ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ನಮ್ಮ ದೇಶದಲ್ಲೂ ಇದು ಚೀಟಿ ಇಲ್ಲದೆ ಮಾರಬಾರದ ಔಷಧಿ.

ಎಷ್ಟು ದಿನ ಅನ್ನೋದಕ್ಕೆ ಒಂದು ಲೆಕ್ಕ ಇದೆ. ಸಾಮಾನ್ಯವಾಗಿ ಮೈತೂಕದ ಪ್ರತಿ ಕೆ.ಜಿ.ಗೆ ಒಟ್ಟು 120ರಿಂದ 150 ಮಿಲಿಗ್ರಾಂ ಆಗೋವರೆಗೆ ಕೊಡುತ್ತಾರೆ. ನನ್ನ ತೂಕ 48 ಕೆ.ಜಿ. 48 ಗುಣಿಸು 120 ಅಂದರೆ 5,760 ಮಿಲಿಗ್ರಾಂ. ದಿನಕ್ಕೆ 20 ಮಿಲಿಗ್ರಾಂನಂತೆ 288 ದಿನ, ಒಂಬತ್ತೂವರೆ ತಿಂಗಳು. ಕೆಲವರಿಗೆ ದಿನದ ಪ್ರಮಾಣ ಹೆಚ್ಚು ಕೊಟ್ಟು ಬೇಗ ಮುಗಿಸುತ್ತಾರೆ, ಕೆಲವರಿಗೆ ಕಡಿಮೆ ಕೊಡುತ್ತಾರೆ. ಅದು ಡಾಕ್ಟರ ತೀರ್ಮಾನ. ಖಾಲಿ ಹೊಟ್ಟೆಯಲ್ಲಿ ತಿಂದರೆ ಮೈಗೆ ಸರಿಯಾಗಿ ಹತ್ತೋದಿಲ್ಲ, ಎಣ್ಣೆ ಜಿಡ್ಡಿರೋ ಊಟದ ಜೊತೆ ತಗೋಬೇಕು. ನಾನು ರಾತ್ರಿ ರೊಟ್ಟಿ, ಶೇಂಗಾ ಚಟ್ನಿ ಉಂಡು ತಗೊಳ್ಳುತ್ತಿದ್ದೆ.

ಮೊದಲ ತಿಂಗಳು ಮೊಡವೆ ಕಡಿಮೆ ಆಗೋ ಬದಲು ಹೆಚ್ಚಾದವು. ಹೀಗಾಗಬಹುದು ಅಂತ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ತುಟಿ ಮಾತ್ರ ಒಣಗಿದ ಕೆರೆಯಂತೆ ಬಿರಿದವು. ತುಟಿ ಒಣಗೋದು ಹೆಚ್ಚುಕಮ್ಮಿ ಎಲ್ಲರಿಗೂ ಆಗುತ್ತದೆ. ಬೇಸಿಗೆಯಲ್ಲಿ ಮೂಗಿನಿಂದ ರಕ್ತ ಬಂತು. ಕಣ್ಣು ಉರಿಯುತ್ತಿತ್ತು. ನಮ್ಮ ಬಳ್ಳಾರಿ ಸೀಮೆಯ ಬಿಸಿಲು ಗೊತ್ತಲ್ಲ, ಗುಳಿಗೆ ತಗೊಳ್ಳೋರ ಚರ್ಮ ಇನ್ನೂ ಬೇಗ ಸುಡುತ್ತದೆ. ಹೊಲಕ್ಕೆ ಹೋದರೆ ಮುಖ ಮುಚ್ಚುವಂತೆ ಸೆರಗು ಹೊದ್ದುಕೊಂಡೇ ಇರುತ್ತಿದ್ದೆ. ಸೊಂಟ, ಕೀಲು ನೋವು ಕೆಲವರಿಗೆ ಬರುತ್ತದೆ. ರಾತ್ರಿ ಹೊತ್ತು ಕಣ್ಣು ಮಂದವಾಗಬಹುದು, ಕತ್ತಲಲ್ಲಿ ಗಾಡಿ ಓಡಿಸೋ ಹುಡುಗರು ಇದನ್ನು ನೆನಪಿಡಬೇಕು. ರಕ್ತದಲ್ಲಿ ಕೊಬ್ಬಿನಂಶ ಏರಬಹುದು, ಲಿವರ್ ಪರೀಕ್ಷೆಯಲ್ಲಿ ವ್ಯತ್ಯಾಸ ಬರಬಹುದು. ಅದು ಹೊರಗೆ ಕಾಣೋದಿಲ್ಲ, ಅದಕ್ಕೇ ನಡುನಡುವೆ ರಕ್ತ ಪರೀಕ್ಷೆ.

ಇವೆಲ್ಲ ಬಹುತೇಕ ಗುಳಿಗೆ ನಿಲ್ಲಿಸಿದ ಮೇಲೆ ಹೋಗುತ್ತವೆ. ಮುಂದಿನದು ಹಾಗಲ್ಲ.

ಕೂಸಿಗೆ ಆಗೋ ಅಪಾಯ

ಹೆಣ್ಣುಮಗಳು ಈ ಗುಳಿಗೆ ತಿನ್ನುತ್ತಿರುವಾಗ ಗರ್ಭ ನಿಂತರೆ ಗರ್ಭಪಾತ ಆಗಬಹುದು, ಇಲ್ಲವೇ ಕೂಸಿನ ಮೆದುಳು, ಹೃದಯ, ಕಿವಿ, ಮುಖದಲ್ಲಿ ಊನ ಆಗಬಹುದು. ಇಷ್ಟು ತಿಂದರೆ ಪರವಾಗಿಲ್ಲ ಅನ್ನೋ ಪ್ರಮಾಣವೇ ಇಲ್ಲ. ಕೆಲವೇ ದಿನ ತಿಂದರೂ ಅಪಾಯ ಇದ್ದೇ ಇದೆ. ಗರ್ಭ ನಿಂತ ಮೊದಲ ವಾರಗಳಲ್ಲೇ, ತಾಯಿಗೆ ಇನ್ನೂ ಗೊತ್ತಾಗೋ ಮುಂಚೆಯೇ, ಈ ಕೇಡು ಆಗಿಬಿಡುತ್ತದೆ.

1985ರಲ್ಲಿ ಅಮೆರಿಕದ ವೈದ್ಯರು ಈ ಔಷಧಿ ತಗುಲಿದ 154 ಗರ್ಭಗಳ ಲೆಕ್ಕ ಪ್ರಕಟಿಸಿದರು. 95 ತಾಯಂದಿರು ಗರ್ಭ ತೆಗೆಸಿದ್ದರು. ಉಳಿದ 59ರಲ್ಲಿ 12 ತಾವಾಗಿಯೇ ಬಿದ್ದುಹೋದವು. 21 ಕೂಸುಗಳಿಗೆ ಊನ ಇತ್ತು. ದೊಡ್ಡ ಊನ ಇಲ್ಲದೆ ಹುಟ್ಟಿದ್ದು 26. ಪ್ರತಿಯೊಂದು ಕೂಸಿಗೂ ಊನ ಆಗಿಯೇ ಆಗುತ್ತದೆ ಅಂತ ಇಲ್ಲ, ಆದರೆ ಆ ಅದೃಷ್ಟ ಪರೀಕ್ಷೆ ಮಾಡೋ ಧೈರ್ಯ ಯಾರಿಗೂ ಬೇಡ. ಅಮೆರಿಕದಲ್ಲಿ 2006ರಿಂದ ಒಂದು ಕಟ್ಟುನಿಟ್ಟಿನ ವ್ಯವಸ್ಥೆ ಇದೆ. ಡಾಕ್ಟರು, ಔಷಧಿ ಅಂಗಡಿ, ರೋಗಿ ಮೂವರೂ ಹೆಸರು ನೋಂದಾಯಿಸಬೇಕು, ಗರ್ಭ ಇಲ್ಲ ಅಂತ ಖಾತ್ರಿಯಾಗದೆ ಗುಳಿಗೆ ಸಿಗೋದಿಲ್ಲ. ನಮ್ಮಲ್ಲಿ ಅಂಥ ವ್ಯವಸ್ಥೆ ಇಲ್ಲ. ಡಾಕ್ಟರು ಹೇಳಬೇಕು, ನಾವು ಕೇಳಬೇಕು. ಪೆಟ್ಟಿಗೆ ಮೇಲಿನ ಎಚ್ಚರಿಕೆ ಸಣ್ಣಕ್ಷರದ ಇಂಗ್ಲಿಷಿನಲ್ಲಿರುತ್ತದೆ. ನಮ್ಮಮ್ಮ ಅದನ್ನು ಓದಲಾರರು.

ಗುಳಿಗೆ ನಿಲ್ಲಿಸಿದ ಮೇಲೂ ಕನಿಷ್ಠ ಒಂದು ತಿಂಗಳು ಗರ್ಭ ನಿಲ್ಲಬಾರದು. ನಿಮ್ಮ ಡಾಕ್ಟರು ಇನ್ನೂ ಹೆಚ್ಚು ದಿನ ಹೇಳಿದರೆ ಅಷ್ಟು ದಿನ ಕಾಯಬೇಕು.

ಯುಗಾದಿ ಹೊತ್ತಿಗೆ ಬಂದ ಸಂಬಂಧ

ನಾನು ಗುಳಿಗೆ ಶುರು ಮಾಡಿ ಮೂರು ತಿಂಗಳಾಗಿತ್ತು. ಯುಗಾದಿ ಹೊತ್ತಿಗೆ ಒಂದು ಸಂಬಂಧ ಬಂತು. ಹುಡುಗ ನೌಕರಿಯಲ್ಲಿದ್ದ. ಅವರಿಗೆ ಬಸವ ಜಯಂತಿ ಆಸುಪಾಸಿನಲ್ಲೇ ಮದುವೆ ಆಗಬೇಕು. ಮನೆಯಲ್ಲಿ ಎಲ್ಲರಿಗೂ ಖುಷಿ.

ನಾನು ಅಪ್ಪನಿಗೆ ನೆನಪು ಮಾಡಿದೆ. ಗುಳಿಗೆ ಮುಗಿಯೋಕೆ ಇನ್ನೂ ಆರು ತಿಂಗಳ ಮೇಲೆ ಬೇಕು, ಆಮೇಲೆ ಒಂದು ತಿಂಗಳು. ನಮ್ಮ ಕಡೆ ಮದುವೆಯಾದ ಮೂರನೇ ತಿಂಗಳಿಗೆ "ಏನಾರ ವಿಶೇಷ ಐತೇನು?" ಅಂತ ಕೇಳೋಕೆ ಶುರು ಮಾಡುತ್ತಾರೆ. ಹೊಸ ಸೊಸೆ ಗಂಡನ ಮನೆಯಲ್ಲಿ ಕೂತು "ಇನ್ನೂ ಬೇಡ" ಅನ್ನೋ ಸ್ವಾತಂತ್ರ್ಯ ಎಷ್ಟು ಜನಕ್ಕಿದೆ?

ಮನೆಯಲ್ಲಿ ಎರಡು ದಿನ ಮಾತಾಯಿತು. ಸೋದರತ್ತೆ ಗುಳಿಗೆ ಬಿಟ್ಟುಬಿಡಲಿ ಅಂದರು. "ಗುಳಿಗಿ ತಗೊಂತಾಳ ಅಂದ್ರ ಹುಡುಗಿಗೆ ಏನೋ ರೋಗ ಐತಿ ಅಂತಾರ. ಸುಮ್ಮನ ಮುಚ್ಚಿಟ್ಟು ಮಾಡ್ರಿ" ಅಂತಲೂ ಹೇಳಿದರು. ಅಮ್ಮನಿಗೂ ಅರ್ಧ ಮನಸ್ಸು ಆ ಕಡೆಯೇ ಇತ್ತು. ಅವರನ್ನು ನಾನು ದೂರೋದಿಲ್ಲ. ಮಗಳ ಮುಖ ನೋಡಿ ವಾಪಸ್ ಹೋದ ಎರಡು ಸಂಬಂಧ ಅವರು ಅದಕ್ಕೆ ಮುಂಚೆ ಕಂಡಿದ್ದರು.

ಬಳ್ಳಾರಿಯಲ್ಲಿ ಸಿಟ್ಟಾಗಿದ್ದ ಅಪ್ಪನೇ ಕೊನೆಗೆ ಹೇಳಿದರು: "ಮುಚ್ಚಿಟ್ಟು ಮಾಡಿದ ಮದುವ್ಯಾಗ ನಾಳೆ ಕೂಸಿಗೆ ಏನಾರ ಆದ್ರ ಯಾರನ್ನ ಕೇಳೋದು? ಹೇಳಿ ನೋಡೋಣ. ಕಾಯೋರಾದ್ರ ಕಾಯ್ತಾರ." ಹುಡುಗನ ತಂದೆಗೆ ಫೋನ್ ಮಾಡಿ, ಮೊಡವೆಗೆ ಗುಳಿಗೆ ನಡೀತಿದೆ, ದೀಪಾವಳಿ ಆದ ಮೇಲೆ ಮಾಡೋಣ ಅಂತ ಇದ್ದದ್ದು ಇದ್ದಂಗೆ ಹೇಳಿದರು. ಅವರು ವಿಚಾರ ಮಾಡಿ ಹೇಳ್ತೀವಿ ಅಂದರು. ಮತ್ತೆ ಫೋನ್ ಬರಲಿಲ್ಲ. ಗುಳಿಗೆಗೆ ಹೆದರಿದರೋ, ಬೇರೆ ಹುಡುಗಿ ಸಿಕ್ಕಳೋ, ನಮಗೆ ತಿಳಿಯಲಿಲ್ಲ. ಅಮ್ಮ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಾನು ಗುಳಿಗೆ ಮುಂದುವರಿಸಿದೆ.

ಅತ್ತಿಗೆ ಕೇಳಿದ್ದು

ಆ ಹೊತ್ತಿಗೆ ನನ್ನ ಮುಖ ತಿಳಿಯಾಗತೊಡಗಿತ್ತು. ಅಣ್ಣನ ಮದುವೆಯಾಗಿ ಐದು ತಿಂಗಳಾಗಿತ್ತು. ಅತ್ತಿಗೆಗೂ ಗದ್ದದ ಮೇಲೆ ಅಷ್ಟಿಷ್ಟು ಮೊಡವೆ ಇದ್ದವು, ಅವರ ತಂಗಿಯ ಮದುವೆ ಹತ್ತಿರ ಬಂದಿತ್ತು. ಒಂದು ದಿನ ಅಕ್ಕಿ ಆರಿಸುತ್ತಾ ಮೆಲ್ಲಗೆ ಕೇಳಿದರು: "ಒಂದು ಪಟ್ಟಿ ನಂಗೂ ಕೊಡು. ಫೋಟೋದಾಗ ಮಾರಿ ಚೆಂದ ಕಾಣ್ಲಿ."

ಅದರಲ್ಲಿ ಏನೂ ವಿಚಿತ್ರ ಇಲ್ಲ. ನಮ್ಮ ಮನೆಯಲ್ಲಿ ಜ್ವರದ ಗುಳಿಗೆ, ಗ್ಯಾಸಿನ ಗುಳಿಗೆ, ನೋವಿನ ಮುಲಾಮು ಎಲ್ಲ ಒಂದೇ ಡಬ್ಬಿಯಲ್ಲಿರುತ್ತವೆ. ಯಾರಿಗೆ ಬೇಕೋ ಅವರು ತಗೊಳ್ಳುತ್ತಾರೆ. ನಾನು ಕೊಡೋದಿಲ್ಲ ಅಂದೆ. ಯಾಕೆ ಅಂತ ಕೂತು ಹೇಳಿದೆ. ಅವರಿಗೆ ಮೊದಲು ಬೇಸರವಾಯಿತು, ಒಂದು ಪಟ್ಟಿ ಕೊಡೋಕೆ ಇಷ್ಟು ಕಥೆ ಯಾಕೆ ಅನ್ನಿಸಿರಬೇಕು. ಪಟ್ಟಿಗಳನ್ನು ಆ ದಿನವೇ ಡಬ್ಬಿಯಿಂದ ತೆಗೆದು ನನ್ನ ಟ್ರಂಕಿಗೆ ಹಾಕಿ ಬೀಗ ಹಾಕಿದೆ.

ಮುಂದಿನ ತಿಂಗಳು ಆಶಾ ಕಾರ್ಯಕರ್ತೆ ತಂದುಕೊಟ್ಟ ಕಿಟ್‌ನಲ್ಲಿ ಎರಡು ಗೆರೆ ಮೂಡಿದವು. ದಿನ ಲೆಕ್ಕ ಹಾಕಿದರೆ, ಅತ್ತಿಗೆ ಪಟ್ಟಿ ಕೇಳಿದ್ದು ಸರಿಯಾಗಿ ಆ ವಾರಗಳಲ್ಲೇ. ಅವರೇ ಬಂದು ನನ್ನ ಕೈ ಹಿಡಿದುಕೊಂಡು ಕೂತರು. ಇಬ್ಬರೂ ಏನೂ ಮಾತಾಡಲಿಲ್ಲ. ಅದಾದ ಮೇಲೆ ಆ ಗುಳಿಗೆಯ ವಿಷಯ ಓಣಿಯಲ್ಲಿ ನನಗಿಂತ ಜಾಸ್ತಿ ಹೇಳಿದವರು ಅತ್ತಿಗೆ.

ಮನಸ್ಸಿನ ವಿಷಯ

ಇನ್ನೊಂದು ಮಾತು ಬಿಡೋ ಹಾಗಿಲ್ಲ. ಈ ಗುಳಿಗೆ ತಗೊಳ್ಳೋವಾಗ ಕೆಲವರಿಗೆ ಮನಸ್ಸು ಕುಗ್ಗೋದು, ವಿಪರೀತ ಸಿಟ್ಟು, ಬದುಕೇ ಬೇಡ ಅನ್ನಿಸೋದು ಆಗಿದೆ ಅನ್ನೋ ವರದಿಗಳಿವೆ. ಗುಳಿಗೆಯಿಂದಲೇ ಹೀಗಾಗುತ್ತದೆಯೇ ಅನ್ನೋದರ ಬಗ್ಗೆ ವೈದ್ಯರಲ್ಲಿ ಚರ್ಚೆ ನಡೆದೇ ಇದೆ. ಜೋರು ಮೊಡವೆಯೇ ಹುಡುಗ ಹುಡುಗಿಯರನ್ನು ಕುಗ್ಗಿಸುತ್ತದೆ ಅನ್ನೋದೂ ನಿಜ. ಬ್ರಿಟನ್ನಿನಲ್ಲಿ 2023ರಲ್ಲಿ 18 ವರ್ಷದೊಳಗಿನವರಿಗೆ ಈ ಗುಳಿಗೆ ಶುರು ಮಾಡಲು ಇಬ್ಬರು ತಜ್ಞರು ಒಪ್ಪಬೇಕು ಅನ್ನೋ ನಿಯಮ ತಂದಿದ್ದರು. ನಮ್ಮ ಡಾಕ್ಟರು ನನಗೆ ಹೇಳಿದ್ದಕ್ಕಿಂತ ಅಪ್ಪನಿಗೆ ಹೇಳಿದ್ದು ಮುಖ್ಯ: "ಮಗಳು ಊಟ ಬಿಟ್ಟಳು, ಮಾತು ಬಿಟ್ಟಳು, ನಿದ್ದೆ ಇಲ್ಲ ಅಂದ್ರೆ ಮುಂದಿನ ತಾರೀಖಿಗೆ ಕಾಯಬೇಡಿ, ಅವತ್ತೇ ಫೋನ್ ಮಾಡಿ." ಅಂಥ ಹೊತ್ತಿನಲ್ಲಿ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ನೆನಪಿಡಬೇಕಾದ್ದು

ಇದನ್ನು ನಿಮ್ಮ ಮನೆಯ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದರೂ ಸರಿ.

1. ಗಡ್ಡೆಯಂಥ ಮೊಡವೆ, ಗುಂಡಿ ಬೀಳುತ್ತಿದ್ದರೆ ತಡ ಮಾಡದೆ ಚರ್ಮದ ಡಾಕ್ಟರಿಗೆ ತೋರಿಸಿ. ಗುಂಡಿ ಬಿದ್ದ ಮೇಲೆ ಅದನ್ನು ತುಂಬೋದು ಕಷ್ಟ. ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ, ನಾವೆಲ್ಲ ವಿಮ್ಸ್ ಅಂತಲೇ ಕರೆಯೋದು, ಚರ್ಮರೋಗ ವಿಭಾಗ ಇದೆ.

2. ಚೀಟಿ ಇಲ್ಲದೆ ಕೊಟ್ಟ ಟ್ಯೂಬು ಮುಖಕ್ಕೆ ಹಚ್ಚಬೇಡಿ. ಈಗಾಗಲೇ ಹಚ್ಚುತ್ತಿದ್ದರೆ ಆ ಟ್ಯೂಬನ್ನೇ ಡಾಕ್ಟರಿಗೆ ತೋರಿಸಿ, ಹೇಗೆ ಬಿಡಬೇಕು ಅಂತ ಅವರೇ ಹೇಳುತ್ತಾರೆ.

3. ಐಸೋಟ್ರೆಟಿನಾಯಿನ್ ಬರೆದುಕೊಟ್ಟರೆ ಮದುವೆ, ಗರ್ಭ, ಹಾಲುಣಿಸೋ ಕೂಸಿನ ವಿಷಯ ನಾಚಿಕೆ ಬಿಟ್ಟು ಹೇಳಿ. ಗರ್ಭಿಣಿ, ಬಾಣಂತಿ ಇದನ್ನು ತಗೋಬಾರದು. ಮದುವೆಯಾದವರು ಗರ್ಭ ನಿಲ್ಲದಂತೆ ಏನು ಮಾಡಬೇಕು ಅಂತ ಶುರು ಮಾಡೋ ಮುಂಚೆಯೇ ಡಾಕ್ಟರನ್ನು ಕೇಳಬೇಕು, ಗಂಡನೂ ಜೊತೆಗಿದ್ದು ಕೇಳಬೇಕು.

4. ಮುಟ್ಟು ತಪ್ಪಿದರೆ ಗುಳಿಗೆ ನಿಲ್ಲಿಸಿ ಕೂಡಲೇ ಡಾಕ್ಟರ ಹತ್ತಿರ ಹೋಗಿ. ಯಾರೂ ಬಯ್ಯೋ ವಿಷಯ ಇದಲ್ಲ. ಮುಚ್ಚಿಟ್ಟಷ್ಟೂ ದಿನ ಕಳೆಯುತ್ತದೆ.

5. ಗಂಡುಮಕ್ಕಳು ತಿಂದರೆ ಮುಂದೆ ಹುಟ್ಟೋ ಕೂಸಿಗೆ ಇಂಥ ಊನ ಬರುತ್ತದೆ ಅನ್ನೋದಕ್ಕೆ ಪುರಾವೆ ಇಲ್ಲ. ಆದರೆ ಅವರ ಪಟ್ಟಿ ಅಕ್ಕ ತಂಗಿಯರ, ಹೆಂಡತಿಯ ಕೈಗೆ ಹೋಗಬಾರದು.

6. ಗುಳಿಗೆ ನಡೆಯುವಾಗ ಮತ್ತು ಆಮೇಲೆ ಒಂದು ತಿಂಗಳು ಗಂಡು ಹೆಣ್ಣು ಯಾರೂ ರಕ್ತದಾನ ಮಾಡಬಾರದು. ಆ ರಕ್ತ ಗರ್ಭಿಣಿಗೆ ಹೋಗಬಹುದು.

7. ಬೇರೆ ಡಾಕ್ಟರ ಹತ್ತಿರ ಹೋದಾಗ ಈ ಗುಳಿಗೆ ತಗೊಳ್ಳುತ್ತಿದ್ದೇನೆ ಅಂತ ಹೇಳಿ. ಡಾಕ್ಸಿಸೈಕ್ಲಿನ್ ಥರದ ಗುಳಿಗೆ ಇದರ ಜೊತೆ ಸೇರಿದರೆ ತಲೆಯೊಳಗೆ ಒತ್ತಡ ಹೆಚ್ಚಾಗಬಹುದು. ಜೋರು ತಲೆನೋವು, ಕಣ್ಣು ಮಂಜಾದರೆ ಕಾಯಬೇಡಿ. ಎ ವಿಟಮಿನ್ ಗುಳಿಗೆಯನ್ನೂ ಜೊತೆಗೆ ತಗೋಬೇಡಿ.

8. ಉಳಿದ ಗುಳಿಗೆ ಮನೆಯ ಡಬ್ಬಿಯಲ್ಲಿ ಇಡಬೇಡಿ, ಯಾರಿಗೂ ಕೊಡಬೇಡಿ.

ನನ್ನ ಕೋರ್ಸು ಮುಗಿದು ಬಹಳ ದಿನ ಆಯಿತು. ಕೆನ್ನೆ ಮೇಲೆ ಗುಂಡಿಗಳಿವೆ, ಹೊಸ ಗಡ್ಡೆ ಬಂದಿಲ್ಲ. ಈ ಗುಳಿಗೆಯನ್ನು ಹೆದರಿ ಬಿಡಿ ಅಂತ ನಾನು ಹೇಳೋದಿಲ್ಲ, ನನಗೆ ಅದರಿಂದ ಒಳ್ಳೆಯದೇ ಆಗಿದೆ. ಅದನ್ನು ಯಾರು ಬರೆದುಕೊಡಬೇಕು, ಯಾರು ತಿನ್ನಬಾರದು, ಯಾವ ಪ್ರಶ್ನೆಗೆ ಸಿಟ್ಟಾಗಬಾರದು ಅನ್ನೋದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದರೆ ಸಾಕು. ಈಚೆಗೆ ನಮ್ಮ ಓಣಿಯ ಒಬ್ಬರು ಮಗಳನ್ನು ಕರಕೊಂಡು ಬಳ್ಳಾರಿಗೆ ಹೊರಟಿದ್ದರು. ಡಾಕ್ಟರು ಏನೇನು ಕೇಳುತ್ತಾರೆ ಅಂತ ಅವರಿಗೆ ಮೊದಲೇ ತಿಳಿಸಿ ಕಳಿಸಿದವರು ನಮ್ಮಪ್ಪ.